ಕಾಕ್‌ಟೇಲ್ ಹೆಸರೊಳಗೆ ಎಷ್ಟು ಸ್ಮಾಲ್?

ಕ್ಲಬ್ಬಿನ ಬಾರ್ ಕೌಂಟರ್ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿಕೊಂಡು ಮೆನು ಓದುವಷ್ಟರಲ್ಲಿ ಹಿಂದೆ ಹತ್ತು ಜನ ಸೇರಿರುತ್ತಾರೆ. ಹಾಡಿನ ಅಬ್ಬರಕ್ಕೆ ಬಾರ್‌ಟೆಂಡರ್ ಹೇಳಿದ್ದು ನಮಗೆ ಕೇಳುವುದಿಲ್ಲ, ನಾವು ಹೇಳಿದ್ದು ಅವರಿಗೆ ಮುಟ್ಟುವುದಿಲ್ಲ. ಕೊನೆಗೆ ಬೆರಳು ಯಾವ ಹೆಸರಿನ ಮೇಲೆ ಬಿತ್ತೋ ಅದೇ ಆರ್ಡರ್. ಬಿಯರ್ ಆದರೆ ಬಾಟಲಿ ಮೇಲೆ ಶೇಕಡಾವಾರು ಅಚ್ಚಾಗಿರುತ್ತದೆ. ವಿಸ್ಕಿ ಆದರೆ ಸ್ಮಾಲೋ ಲಾರ್ಜೋ ಎಂದು ನಾವೇ ಹೇಳುತ್ತೇವೆ. ಕಾಕ್‌ಟೇಲ್‌ನಲ್ಲಿ ಮಾತ್ರ ಸಿಗುವುದು ಬರೀ ಹೆಸರು. ಒಳಗೆ ಎಷ್ಟು ಮದ್ಯ ಬಿದ್ದಿದೆ ಎಂಬುದನ್ನು ಮೆನು ಬಾಯಿ ಬಿಡುವುದಿಲ್ಲ.

ಬೆಂಗಳೂರಿನಲ್ಲಿ ಕ್ಲಬ್‌ಗಳು ರಾತ್ರಿ 1ರವರೆಗೆ ನಡೆಯುತ್ತವೆ. 9ಕ್ಕೆ ಒಳಗೆ ಹೋದವರಿಗೆ 4 ಗಂಟೆ ಕುಣಿತ, ಸೆಕೆ, ಗದ್ದಲ. ಮೇಜಿನ ಮುಂದೆ ಕೂತು ಕುಡಿಯಲು ಚೆನ್ನಾಗಿರುವ ಕಾಕ್‌ಟೇಲ್ ಇಲ್ಲಿ ಕೈಕೊಡಬಹುದು. ಯಾವುದು ಯಾಕೆ ಹೊಂದುತ್ತದೆ ಎಂದು ತಿಳಿಯಲು ಮೊದಲು ಒಂದು ಸಣ್ಣ ಲೆಕ್ಕ ಬೇಕು.

ಒಂದು ಸ್ಮಾಲ್ ಅಂದರೆ 10 ಗ್ರಾಂ

ನಮ್ಮ ಬಾರ್‌ಗಳಲ್ಲಿ ಸ್ಮಾಲ್ ಎಂದರೆ 30 ಮಿ.ಲೀ., ಲಾರ್ಜ್ ಎಂದರೆ 60. ನೈಂಟಿ, ಕ್ವಾರ್ಟರ್ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲಿ ತಯಾರಾಗುವ ಹೆಚ್ಚಿನ ವಿಸ್ಕಿ, ರಮ್, ಜಿನ್, ವೋಡ್ಕಾಗಳ ತೀವ್ರತೆ ಶೇ 42.8. ಲೇಬಲ್ ಮೇಲೆ ‘25 ಯು.ಪಿ.’ (ಅಂಡರ್ ಪ್ರೂಫ್) ಅಥವಾ ‘75 ಪ್ರೂಫ್’ ಎಂದಿದ್ದರೂ ಅದು ಇದೇ. ಹಳೆಯ ಬ್ರಿಟಿಷ್ ಅಳತೆ ನಮ್ಮ ಬಾಟಲಿಗಳ ಮೇಲೆ ಇನ್ನೂ ಉಳಿದುಕೊಂಡಿದೆ, ಅಷ್ಟೆ.

30 ಮಿ.ಲೀ.ನಲ್ಲಿ ಶೇ 42.8 ಎಂದರೆ 12.8 ಮಿ.ಲೀ. ಶುದ್ಧ ಆಲ್ಕೋಹಾಲ್. ಆಲ್ಕೋಹಾಲ್ ನೀರಿಗಿಂತ ಹಗುರ, 1 ಮಿ.ಲೀ. ತೂಗುವುದು 0.79 ಗ್ರಾಂ. ಗುಣಿಸಿದರೆ 10 ಗ್ರಾಂ. ಹೀಗೆ ನಮ್ಮ ಸ್ಮಾಲ್ ಅಳತೆಗೋಲಾಗಿಯೂ ಬಲು ಅನುಕೂಲ. ಎಷ್ಟು ಸ್ಮಾಲೋ ಅಷ್ಟು ಹತ್ತು ಗ್ರಾಂ.

ಇದೇ ಗೋಲಿನಲ್ಲಿ ಉಳಿದದ್ದನ್ನೂ ಅಳೆಯಬಹುದು. ಶೇ 5ರ 330 ಮಿ.ಲೀ. ಬಿಯರ್‌ನಲ್ಲಿ 13 ಗ್ರಾಂ, ಅಂದರೆ ಒಂದೂಕಾಲು ಸ್ಮಾಲ್‌ಗೆ ಸ್ವಲ್ಪ ಹೆಚ್ಚು. 150 ಮಿ.ಲೀ. ವೈನ್‌ನಲ್ಲಿ ಒಂದೂವರೆ ಸ್ಮಾಲ್. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ, ಬರೋಬ್ಬರಿ ನಾಲ್ಕು ಸ್ಮಾಲ್. ‘ಬರೀ ಒಂದು ಬಿಯರ್’ ಅನ್ನುವವರು ಯಾವ ಬಿಯರ್ ಎಂದೂ ಹೇಳಿದರೆ ಒಳ್ಳೆಯದು.

ಪಾನಕ ಬಂದರೆ ಅರ್ಧ ಕಾಕ್‌ಟೇಲ್ ಬಂದಂತೆ

ನಿಂಬೆಹಣ್ಣಿನ ಪಾನಕದಲ್ಲಿ ಏನಿದೆ? ಹುಳಿ, ಸಿಹಿ, ನೀರು. ಇದಕ್ಕೆ ರಮ್ ಸೇರಿಸಿ ಐಸ್ ಜೊತೆ ಕುಲುಕಿ ಸೋಸಿದರೆ ಡೈಕಿರಿ. ಅದೇ ರಮ್ ಪಾನಕಕ್ಕೆ ಪುದೀನ ಮತ್ತು ಸೋಡಾ ಬಿದ್ದರೆ ಮೊಹಿಟೊ. ರಮ್ ತೆಗೆದು ಜಿನ್ ಹಾಕಿ ಸೋಡಾ ತುಂಬಿದರೆ ಟಾಮ್ ಕಾಲಿನ್ಸ್. ಟಕೀಲಾ ಹಾಕಿ, ಸಕ್ಕರೆಯ ಜಾಗದಲ್ಲಿ ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ ಟ್ರಿಪಲ್ ಸೆಕ್ ಬಳಸಿದರೆ ಮಾರ್ಗರಿಟಾ. ಮೆನುವಿನಲ್ಲಿ ಐವತ್ತು ಹೆಸರಿದ್ದರೂ ಮನೆತನಗಳು ಮೂರ್ನಾಲ್ಕೇ.

ಮೊದಲನೆಯದು ಉದ್ದ ಗ್ಲಾಸಿನವು: ಒಂದು ಮದ್ಯ, ಮೇಲೆ ಸೋಡಾ, ಕಹಿರುಚಿಯ ಟಾನಿಕ್ ವಾಟರ್, ಕೋಲಾ ಅಥವಾ ಜ್ಯೂಸ್. ಜಿನ್-ಟಾನಿಕ್, ರಮ್-ಕೋಕ್, ವೋಡ್ಕಾ-ಸೋಡಾ ಇಲ್ಲಿ ಬರುತ್ತವೆ. ಮೊಹಿಟೊ, ಕಾಲಿನ್ಸ್ ಕೂಡ ಇದೇ ಕಡೆಯವು. ಎರಡನೆಯದು ಹುಳಿ ಬಳಗ: ವಿಸ್ಕಿ ಸಾರ್, ಡೈಕಿರಿ, ಮಾರ್ಗರಿಟಾ, ಕಾಸ್ಮೊಪಾಲಿಟನ್. ಮೂರನೆಯದರಲ್ಲಿ ಹೆಚ್ಚುಕಡಿಮೆ ಬರೀ ಮದ್ಯ: ಮಾರ್ಟಿನಿ, ನೆಗ್ರೋನಿ, ಓಲ್ಡ್ ಫ್ಯಾಷನ್ಡ್. ಇವನ್ನು ಕುಲುಕದೆ ಚಮಚದಿಂದ ಕಲಕುತ್ತಾರೆ. ಹುಳಿ, ಜ್ಯೂಸ್ ಇದ್ದರೆ ಕುಲುಕಿ ಗಾಳಿ ಸೇರಿಸಬೇಕು, ಬರೀ ಮದ್ಯವಾದರೆ ತಣ್ಣಗಾದರೆ ಸಾಕು ಎಂಬುದು ಲೆಕ್ಕ. ನಾಲ್ಕನೆಯದು ಶಾಟ್. ಅದು ಕಾಕ್‌ಟೇಲ್ ಅನ್ನುವುದಕ್ಕಿಂತ ನೀಟ್ ಸ್ಮಾಲ್‌ಗೆ ಕೊಟ್ಟ ಹೊಸ ಹೆಸರು.

ಈಗ ಇವುಗಳ ಹೊಟ್ಟೆ ಬಗೆದು ನೋಡೋಣ. ಅಂತರರಾಷ್ಟ್ರೀಯ ಬಾರ್‌ಟೆಂಡರ್ ಸಂಘ, ಅಂದರೆ ಐಬಿಎ, ಹೆಸರುವಾಸಿ ಕಾಕ್‌ಟೇಲ್‌ಗಳಿಗೆ ಒಂದು ಅಳತೆ ಗೊತ್ತುಮಾಡಿದೆ. ಅದರ ಪ್ರಕಾರ ಮೊಹಿಟೊದಲ್ಲಿ 45 ಮಿ.ಲೀ. ರಮ್: ಒಂದೂವರೆ ಸ್ಮಾಲ್. ಡೈಕಿರಿಯಲ್ಲಿ 60: ಎರಡು ಸ್ಮಾಲ್. ಕಾಸ್ಮೊಪಾಲಿಟನ್‌ನಲ್ಲಿ 40 ವೋಡ್ಕಾ, 15 ಟ್ರಿಪಲ್ ಸೆಕ್: ಸುಮಾರು ಒಂದೂಮುಕ್ಕಾಲು. ನೆಗ್ರೋನಿಯಲ್ಲಿ ಜಿನ್, ಕಂಪಾರಿ ಎಂಬ ಕಹಿ ಮದ್ಯ, ಸಿಹಿ ವರ್ಮುತ್ ಎಂಬ ಮಸಾಲೆ ವೈನ್ ತಲಾ 30. ಕೊನೆಯ ಎರಡರ ತೀವ್ರತೆ ಕಡಿಮೆ ಆದ್ದರಿಂದ ಒಟ್ಟು ಎರಡು ಸ್ಮಾಲ್ ಆಗುತ್ತದೆ. ಮಾರ್ಗರಿಟಾ ಎರಡಕ್ಕೆ ಒಂಚೂರು ಮೇಲೆ. ನಿಮ್ಮ ಕ್ಲಬ್ಬಿನ ಅಳತೆ ಇದಕ್ಕಿಂತ ಬೇರೆ ಇರಬಹುದು, ಹಾಗಾಗಿ ಕೇಳಿಯೇ ತಿಳಿಯಬೇಕು. ಅಳೆದು ಹಾಕುವ ಬಾರ್ ಆದರೆ ಸಣ್ಣ ಸ್ಟೀಲ್ ಅಳತೆ ಕಣ್ಣಿಗೆ ಕಾಣುತ್ತದೆ. ಬಾಟಲಿಯನ್ನು ನೇರ ಬಗ್ಗಿಸುವ ಕಡೆ ಅದೇ ಕಾಕ್‌ಟೇಲ್ ಒಮ್ಮೆ ಸಪ್ಪೆ, ಇನ್ನೊಮ್ಮೆ ಗಂಟಲು ಸುಡುವಂತೆ ಬರುತ್ತದೆ.

ಲಾಂಗ್ ಐಲ್ಯಾಂಡ್: ಟೀ ಇಲ್ಲದ ಐಸ್‌ಡ್ ಟೀ

ಕ್ಲಬ್‌ಗಳಲ್ಲಿ ‘ಎಲ್‌ಐಐಟಿ’ ಎಂಬ ನಾಲ್ಕಕ್ಷರದಲ್ಲಿ ಓಡಾಡುವ ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಲೆಗೆ ತಕ್ಕ ಕಿಕ್ ಎಂದು ಹೆಸರಾಗಿರುವುದು ಇದೇ, ಲೆಕ್ಕ ತಪ್ಪಿಸುವುದರಲ್ಲಿ ಮುಂದಿರುವುದೂ ಇದೇ.

ವೋಡ್ಕಾ 15, ಜಿನ್ 15, ಬಿಳಿ ರಮ್ 15, ಟಕೀಲಾ 15, ಟ್ರಿಪಲ್ ಸೆಕ್ 15. ನಿಂಬೆರಸ 30, ಸಕ್ಕರೆ ಪಾಕ 20. ಮೇಲೆ ಬಣ್ಣಕ್ಕಷ್ಟು ಕೋಲಾ. ಟೀ ಸೊಪ್ಪು ಒಂದೆಳೆಯೂ ಇಲ್ಲ. ಕೋಲಾದ ಕಂದು ಬಣ್ಣಕ್ಕೆ ಹಾಗೆ ಕಾಣುತ್ತದೆ, ಅಷ್ಟೆ. ಐದೂ ಸೇರಿ 75 ಮಿ.ಲೀ., ಅದರಲ್ಲಿ 25 ಗ್ರಾಂ ಆಲ್ಕೋಹಾಲ್. ಎರಡೂವರೆ ಸ್ಮಾಲ್.

ಅಷ್ಟು ಮದ್ಯ ಬಾಯಿಗೆ ಗೊತ್ತಾಗದಿರುವುದು ಹೇಗೆ? ಸಾರಿಗೆ ಹುಣಸೆಹುಳಿ ಜಾಸ್ತಿಯಾದರೆ ಬೆಲ್ಲ ಹಾಕಿ ಸರಿದೂಗಿಸುತ್ತೇವಲ್ಲ, ಅದೇ ಉಪಾಯ. ಮದ್ಯದ ಉರಿಯನ್ನು ಸಕ್ಕರೆ ಮುಚ್ಚುತ್ತದೆ, ಸಕ್ಕರೆಯ ಅತಿಸಿಹಿಯನ್ನು ನಿಂಬೆ ಕಡಿಯುತ್ತದೆ, ಉಳಿದದ್ದನ್ನು ಐಸ್‌ನ ತಂಪು ನೋಡಿಕೊಳ್ಳುತ್ತದೆ. ನಾಲಿಗೆ ತಣ್ಣಗಾದಷ್ಟೂ ರುಚಿ ಗುರುತಿಸುವುದು ಮಂದವಾಗುತ್ತದೆ. ಉದ್ದ ಗ್ಲಾಸಿನಲ್ಲಿ ಬರುವುದರಿಂದ ಕಣ್ಣೂ ಇದನ್ನು ರಮ್-ಕೋಕ್ ಸಾಲಿಗೆ ಸೇರಿಸಿಬಿಡುತ್ತದೆ. ಕುಣಿದು ಬಾಯಾರಿದವರು 10 ನಿಮಿಷಕ್ಕೆ ಖಾಲಿ ಮಾಡುತ್ತಾರೆ. ಏರುವುದು ಅರ್ಧ ಗಂಟೆ ಬಿಟ್ಟು. ಅಷ್ಟರಲ್ಲಿ ‘ಏನೂ ಆಗಲೇ ಇಲ್ಲ’ ಎಂದು ರಿಪೀಟ್ ಹೇಳಿಯಾಗಿರುತ್ತದೆ.

ಕೆಲವು ಕಡೆ 15ರ ಬದಲು ಪ್ರತಿಯೊಂದೂ 30 ಹಾಕಿ ‘ಡಬಲ್’ ಅಥವಾ ಪಿಚರ್ (ಜಗ್) ಎಂದು ಮಾರುತ್ತಾರೆ. ಅಂಥ ಒಂದರಲ್ಲಿ ಐದು ಸ್ಮಾಲ್. ಇಬ್ಬರು ಹಂಚಿಕೊಂಡರೂ ತಲಾ ಎರಡೂವರೆ. ಇದೇ ಬೇಕೆನಿಸಿದರೆ ಒಬ್ಬರಿಗೆ ಒಂದು, ಅದೂ ಊಟವಾದ ಮೇಲೆ. ಅದನ್ನು ಎರಡೂವರೆ ಎಂದೇ ಎಣಿಸಬೇಕು.

ಕುಣಿಯುವ ಕೈಗೆ ಯಾವ ಗ್ಲಾಸು

ಮಾರ್ಟಿನಿ ಗ್ಲಾಸನ್ನು ಒಮ್ಮೆ ಗಮನಿಸಿ. ಬಾಯಿ ಅಗಲ, ಬುಡ ಚೂಪು, ಅಂಚಿನವರೆಗೆ ಪಾನೀಯ. ಪಕ್ಕದವರ ಮೊಣಕೈ ತಾಗಿದರೆ ಮೊದಲು ಚೆಲ್ಲುವುದು ಅದೇ. ಐಸ್ ಇಲ್ಲದ್ದರಿಂದ ಜನಜಂಗುಳಿಯ ಸೆಕೆಗೆ ಹತ್ತೇ ನಿಮಿಷಕ್ಕೆ ಬೆಚ್ಚಗಾಗುತ್ತದೆ. ಬೆಚ್ಚಗಾಗುವ ಮೊದಲು ಮುಗಿಸಲು ಬೇಗ ಕುಡಿಯುತ್ತೇವೆ. ಕಾಸ್ಮೊ, ಡೈಕಿರಿ, ಕಾಫಿ ಬೆರೆತ ಎಸ್‌ಪ್ರೆಸೊ ಮಾರ್ಟಿನಿಯ ಕಥೆಯೂ ಇದೇ. ಇವು ಬೇಕಿದ್ದರೆ ಕುಣಿಯಲು ಇಳಿಯುವ ಮೊದಲು, ಕೂತು ಕುಡಿಯಬೇಕು. ನೆಗ್ರೋನಿ, ಓಲ್ಡ್ ಫ್ಯಾಷನ್ಡ್ ಗಿಡ್ಡ ಗ್ಲಾಸಿನಲ್ಲಿ ಬರುವುದರಿಂದ ಚೆಲ್ಲುವುದು ಕಡಿಮೆ. ಆದರೆ ನೆಗ್ರೋನಿಯ 90 ಮಿ.ಲೀ. ದ್ರವದಲ್ಲೇ ಎರಡು ಸ್ಮಾಲ್, ಬಾಯಾರಿಕೆಗೆ ಕುಡಿಯುವಂಥದ್ದಲ್ಲ.

ಫ್ಲೋರ್‌ಗೆ ಬೇಕಾದದ್ದು ಉದ್ದ, ನೇರ ಗ್ಲಾಸು. ಮುಕ್ಕಾಲು ತುಂಬಿ, ಸ್ಟ್ರಾ ಇದ್ದು, ಒಂದು ಕೈಯಲ್ಲಿ ಹಿಡಿಯುವಂತಿರಬೇಕು. ಅನೇಕ ಕಡೆ ರಾತ್ರಿ ಏರಿದಂತೆ ಗಾಜಿನ ಬದಲು ಪ್ಲಾಸ್ಟಿಕ್ ಲೋಟ ಕೊಡುತ್ತಾರೆ. ಅದಕ್ಕೆ ಮುಖ ಸಿಂಡರಿಸಬೇಡಿ, ಒಡೆದ ಗಾಜಿನ ಮೇಲೆ ಯಾರೂ ಕುಣಿಯಬಾರದೆಂದೇ ಆ ವ್ಯವಸ್ಥೆ.

ಐಸ್ ವಿಷಯದಲ್ಲಿ ನಮ್ಮಲ್ಲಿ ಒಂದು ಸಂಶಯ ಬೇರೂರಿದೆ: ಐಸ್ ಜಾಸ್ತಿ ಹಾಕಿದರೆ ಮೋಸ ಮಾಡಿದರು ಎಂದು. ಅಳೆದು ಹಾಕಿದ ಮದ್ಯ ಐಸ್‌ನಿಂದ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಸೋಡಾ ಅಥವಾ ಕೋಲಾ ಮಾತ್ರ. 200 ಮಿ.ಲೀ. ಪಾನೀಯವನ್ನು 25 ಡಿಗ್ರಿಯಿಂದ 0ಗೆ ಇಳಿಸಲು ಸುಮಾರು 60 ಗ್ರಾಂ ಐಸ್ ಕರಗಬೇಕು. ಮೂರೇ ತುಂಡು ಹಾಕಿಸಿಕೊಂಡರೆ ಮೂರೂ ಕರಗಿ ನೀರಾಗುತ್ತವೆ, ಪಾನೀಯ ಮಾತ್ರ ಸಾಕಷ್ಟು ತಣ್ಣಗಾಗಿರುವುದಿಲ್ಲ. ಗ್ಲಾಸಿನ ತುಂಬ ಐಸ್ ಇದ್ದರೆ ಪಾನೀಯ ಬೇಗ ತಣಿದು, ಆಮೇಲೆ ಕರಗುವ ವೇಗವೂ ತಗ್ಗುತ್ತದೆ. ಇನ್ನೂ ಮುಖ್ಯವಾದದ್ದು, ಟಾನಿಕ್ ಫ್ರಿಜ್‌ನಿಂದ 5 ಡಿಗ್ರಿಯಲ್ಲೇ ಬಂದರೆ ಕರಗಬೇಕಾದದ್ದು 12-13 ಗ್ರಾಂ ಮಾತ್ರ. ಹಾಗಾಗಿ ‘ಐಸ್ ಕಡಿಮೆ’ ಅನ್ನುವ ಬದಲು ‘ಟಾನಿಕ್ ಚಿಲ್ಡ್ ಇರಲಿ’ ಎನ್ನಿ.

ಮೊಹಿಟೊ ಬಗ್ಗೆ ಒಂದು ಮಾತು. 10 ಗಂಟೆಗೆ ಚೆನ್ನಾಗಿ ಬರುವ ಮೊಹಿಟೊ 12ಕ್ಕೆ ಕೆಡುವುದು ಸಾಮಾನ್ಯ. ಪುದೀನ ಎಲೆಯನ್ನು ಮೆಲ್ಲಗೆ ಒತ್ತಿದರೆ ಸಾಕು, ಪರಿಮಳ ಬರುತ್ತದೆ. ಗಡಿಬಿಡಿಯಲ್ಲಿ ಚಟ್ನಿಯಂತೆ ಜಜ್ಜಿದರೆ ಕಹಿಯಾಗುತ್ತದೆ, ಚೂರುಗಳು ಸ್ಟ್ರಾಗೆ ಸಿಕ್ಕಿಹಾಕಿಕೊಳ್ಳುತ್ತವೆ. ಬಾರ್ ಮುಂದೆ ನೂಕುನುಗ್ಗಲಿದ್ದಾಗ ಕೇಳಬೇಕಾದದ್ದು ಜಿನ್-ಟಾನಿಕ್‌ನಂತೆ ಎರಡೇ ಬಾಟಲಿಯಿಂದ ಬೆರೆಸಿ ಮುಗಿಸುವ ಪಾನೀಯ.

ಬೇಗ ಏರಿಸುವ ಜೊತೆಗಾರರು

ಆಲ್ಕೋಹಾಲ್ ಹೆಚ್ಚಾಗಿ ರಕ್ತಕ್ಕೆ ಸೇರುವುದು ಹೊಟ್ಟೆಯಲ್ಲಲ್ಲ, ಅದರ ಮುಂದಿನ ಸಣ್ಣಕರುಳಿನಲ್ಲಿ. ಹೊಟ್ಟೆಯ ಬಾಗಿಲು ಎಷ್ಟು ಬೇಗ ತೆರೆಯುತ್ತದೋ ಅಷ್ಟು ಬೇಗ ಅಮಲು ಏರುತ್ತದೆ. ಹೊಟ್ಟೆ ತುಂಬ ಊಟ ಮಾಡಿದ್ದರೆ ಬಾಗಿಲು ನಿಧಾನ, ಖಾಲಿ ಇದ್ದರೆ ಸರಾಗ. ಬರುವ ಮೊದಲು ಅನ್ನವೋ ಮುದ್ದೆಯೋ, ಜೊತೆಗೆ ಮೊಟ್ಟೆ, ಮಾಂಸ, ಪನೀರ್‌ನಂಥದ್ದು ತಿಂದಿರಬೇಕು ಅನ್ನುವುದು ಇದಕ್ಕೆ. ಒಳಗೆ ಸಿಗುವ ಮಸಾಲೆ ಕಡಲೆಕಾಯಿ ಊಟದ ಲೆಕ್ಕಕ್ಕಿಲ್ಲ. ಉಪ್ಪು ಖಾರ ಸೇರಿ ಬಾಯಾರಿಕೆ ಹೆಚ್ಚಿಸಿ ಇನ್ನೊಂದು ಗ್ಲಾಸಿಗೆ ದಾರಿ ಮಾಡುತ್ತದೆ.

ಡಯಟ್ ಕೋಲಾ ಇಲ್ಲಿ ತಲೆಕೆಳಗು ಕೆಲಸ ಮಾಡುತ್ತದೆ. ಸಕ್ಕರೆ ಇರುವ ಪಾನೀಯ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಸಕ್ಕರೆ ಇಲ್ಲದ್ದು ಬೇಗ ಜಾರುತ್ತದೆ. ಅದೇ ವೋಡ್ಕಾ ಡಯಟ್ ಪಾನೀಯದ ಜೊತೆ ಕುಡಿದಾಗ ರಕ್ತದಲ್ಲಿ ಹೆಚ್ಚು ಮೇಲೇರುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಕ್ಯಾಲೊರಿ ಉಳಿಸುವವರು ಡಯಟ್ ಬಿಡಬೇಕಿಲ್ಲ, ಮದ್ಯವನ್ನು 30ಕ್ಕೆ ಇಳಿಸಿದರಾಯಿತು. ಗುಳ್ಳೆ ಬರುವ ಸೋಡಾ, ಟಾನಿಕ್ ಕೂಡ ಕೆಲವರಲ್ಲಿ ಹೀಗೇ ಬೇಗ ಏರಿಸುತ್ತವೆ, ಎಲ್ಲರಲ್ಲೂ ಅಲ್ಲ.

ಎನರ್ಜಿ ಡ್ರಿಂಕ್ ಬೆರಕೆಯದು ಬೇರೆಯೇ ತೊಂದರೆ. 250 ಮಿ.ಲೀ. ಡಬ್ಬಿಯಲ್ಲಿ ಸುಮಾರು 75-80 ಮಿ.ಗ್ರಾಂ ಕೆಫೀನ್. ಅದು ನಿದ್ದೆ ತಡೆಯುತ್ತದೆಯೇ ಹೊರತು ರಕ್ತದಲ್ಲಿರುವ ಆಲ್ಕೋಹಾಲನ್ನು ಒಂದು ಹನಿಯೂ ಇಳಿಸುವುದಿಲ್ಲ. ತೂಕಡಿಕೆ ಬಂದರೆ ‘ಸಾಕು’ ಎಂದು ಮೈ ಹೇಳುತ್ತಿದೆ ಎಂದರ್ಥ. ಕೆಫೀನ್ ಆ ಬಾಯಿ ಮುಚ್ಚಿಸುತ್ತದೆ. ಟೈಟಾಗಿಯೂ ಎಚ್ಚರವಾಗಿರುವ ಸ್ಥಿತಿ. ಮದ್ಯಕ್ಕೇ ಕೆಫೀನ್ ಸೇರಿಸಿ ಡಬ್ಬಿಯಲ್ಲಿ ಮಾರುತ್ತಿದ್ದ ಕಂಪನಿಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಲ್ಲಿ ಎಚ್ಚರಿಕೆ ಪತ್ರ ಕಳಿಸಿದ್ದು ಈ ಕಾರಣಕ್ಕೇ. ಎಸ್‌ಪ್ರೆಸೊ ಮಾರ್ಟಿನಿಗೂ ಈ ಮಾತು ಸಲ್ಲುತ್ತದೆ.

ಕೌಂಟರ್‌ನಲ್ಲಿ ಹೇಳುವುದು ಹೇಗೆ

ಗದ್ದಲದಲ್ಲಿ ಹೆಸರಿಗಿಂತ ಅಳತೆ ಮೊದಲು ಹೇಳಿದರೆ ಸುಲಭ. ‘ಬಾಸ್, ಥರ್ಟಿ ಜಿನ್, ಟಾನಿಕ್ ಬಾಟಲ್ ಬೇರೆ ಕೊಡಿ, ಐಸ್ ಫುಲ್’ ಅಂದರೆ ಮುಗಿಯಿತು. ಟಾನಿಕ್ ಬೇರೆಯಾಗಿ ಬಂದರೆ ಎಷ್ಟು ಬೆರೆಸಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ಅರ್ಧ ಕುಡಿದ ಮೇಲೆ ಮತ್ತೆ ತುಂಬಿ ಒಂದೇ ಸ್ಮಾಲನ್ನು ಮುಕ್ಕಾಲು ಗಂಟೆ ಎಳೆಯಬಹುದು. ಬರೀ ‘ಜಿನ್-ಟಾನಿಕ್’ ಅಂದರೆ ಕೆಲವು ಬಾರ್‌ಗಳಲ್ಲಿ ಹೇಳದೆಯೇ 60 ಬೀಳುತ್ತದೆ. ಬಿಲ್ಲಿನಲ್ಲಿ ಗೊತ್ತಾಗುವ ಬದಲು ಮೊದಲೇ ಕೇಳಿಬಿಡಿ. ಆ ಬಾರ್‌ನದೇ ಆದ ಸಿಗ್ನೇಚರ್ ಕಾಕ್‌ಟೇಲ್ ಆದರೆ ‘ಆಲ್ಕೋಹಾಲ್ ಟೋಟಲ್ ಎಷ್ಟು ಎಂಎಲ್?’ ಎಂಬ ಒಂದು ಪ್ರಶ್ನೆ ಸಾಕು. ತಿಳಿದ ಬಾರ್‌ಟೆಂಡರ್ ತಕ್ಷಣ ಹೇಳುತ್ತಾರೆ. ತಡವರಿಸಿದರೆ ಬೇರೆ ಏನಾದರೂ ಕೇಳುವುದು ಮೇಲು.

ಒಂದಕ್ಕೆ ಒಂದು ಫ್ರೀ ಇರುವ ಹೊತ್ತಿನಲ್ಲಿ ಎರಡೂ ಗ್ಲಾಸು ಒಟ್ಟಿಗೇ ಬರುತ್ತವೆ. ಎರಡನೆಯದರ ಐಸ್ ಕರಗುವ ಮುಂಚೆ ಮುಗಿಸಬೇಕೆಂದು ಮೊದಲನೆಯದನ್ನು ಗಟಗಟ ಕುಡಿಯುತ್ತೇವೆ. ಎರಡನೆಯದನ್ನು ಆಮೇಲೆ ಕೊಡುತ್ತೀರಾ ಎಂದು ಕೇಳಿ, ಇಲ್ಲವಾದರೆ ಜೊತೆಯವರಿಗೆ ದಾಟಿಸಿ.

ದುಡ್ಡಿನ ವಿಷಯ ಚುಟುಕಾಗಿ: ಕುಡಿಯುವ ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದರ ಮೇಲಿರುವುದು ರಾಜ್ಯದ ತೆರಿಗೆ. ಊಟಕ್ಕೆ ಮತ್ತು ಮದ್ಯವಿಲ್ಲದ ಮಾಕ್‌ಟೇಲ್‌ಗೆ ಜಿಎಸ್‌ಟಿ ಉಂಟು. ಸರ್ವಿಸ್ ಚಾರ್ಜ್ ಗ್ರಾಹಕರ ಇಷ್ಟಕ್ಕೆ ಬಿಟ್ಟದ್ದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಇನ್ನು, ಮದ್ಯ ಕೊಡುವುದು 21 ತುಂಬಿದವರಿಗೆ ಮಾತ್ರ, ದಾಖಲೆಯನ್ನು ಬಾಗಿಲಲ್ಲೇ ಕೇಳಬಹುದು.

ಗಡಿಯಾರ ಮತ್ತು ಲಿವರ್

ಒಳಗೆ ಹೋದ ಆಲ್ಕೋಹಾಲ್ ಮೈಯ ನೀರಿನಲ್ಲಿ ಹರಡುತ್ತದೆ. ದೊಡ್ಡ ಪಾತ್ರೆಯಲ್ಲಿ ಒಂದು ಚಮಚ ಉಪ್ಪು ಗೊತ್ತಾಗದು, ಚಿಕ್ಕ ಪಾತ್ರೆಯಲ್ಲಿ ಅದೇ ಉಪ್ಪು ಜಾಸ್ತಿ. ಸಾಮಾನ್ಯವಾಗಿ ಹೆಂಗಸರ ಮೈಯಲ್ಲಿ ಅದೇ ತೂಕಕ್ಕೆ ನೀರಿನ ಪಾಲು ಕಡಿಮೆ, ಹಾಗಾಗಿ ಅದೇ ಗ್ಲಾಸು ಹೆಚ್ಚು ಏರುತ್ತದೆ. ಇದಕ್ಕೂ ‘ತಡೆದುಕೊಳ್ಳುವ ತಾಕತ್ತಿ’ಗೂ ಸಂಬಂಧವಿಲ್ಲ. 70 ಕೆಜಿ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ಸ್ಮಾಲ್ ಕುಡಿದರೆ 100 ಮಿ.ಲೀ. ರಕ್ತದಲ್ಲಿ ಸುಮಾರು 20 ಮಿ.ಗ್ರಾಂ, 60 ಕೆಜಿ ಹೆಂಗಸು ಕುಡಿದರೆ ಸುಮಾರು 30. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಗೆರೆಯೂ 30 ಮಿ.ಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದು ಲಾಂಗ್ ಐಲ್ಯಾಂಡ್ ಈ ಗೆರೆಯನ್ನು ಇಬ್ಬರಿಗೂ ದಾಟಿಸುತ್ತದೆ.

ಇಳಿಯುವುದು ಗಂಟೆಗೆ ಸುಮಾರು 15 ಮಿ.ಗ್ರಾಂ. ಅಂದರೆ ಆ 70 ಕೆಜಿಯವರ ಲಿವರ್‌ಗೆ ಒಂದು ಸ್ಮಾಲ್ ಮುಗಿಸಲು ಒಂದೂಕಾಲು-ಒಂದೂವರೆ ಗಂಟೆ ಬೇಕು. ಮಜ್ಜಿಗೆ, ನಿಂಬೆರಸ, ಬ್ಲ್ಯಾಕ್ ಕಾಫಿ, ತಣ್ಣೀರ ಸ್ನಾನ, ಕುಣಿದು ಬೆವರು ಹರಿಸುವುದು, ಯಾವುದೂ ಈ ವೇಗವನ್ನು ಹೆಚ್ಚಿಸದು. 9ಕ್ಕೆ ಶುರುಮಾಡಿ ಮುಚ್ಚುವಷ್ಟರಲ್ಲಿ ಮೂರು ಲಾಂಗ್ ಐಲ್ಯಾಂಡ್ ಮುಗಿಸಿದರೆ 75 ಗ್ರಾಂ. ಪೂರ್ತಿ ಇಳಿಯುವುದು ಬೆಳಗ್ಗೆ ಏಳೂವರೆ-ಎಂಟಕ್ಕೆ. ರಾತ್ರಿ ಕ್ಯಾಬ್‌ನಲ್ಲಿ ಬಂದವರು ಬೆಳಗಿನ ಜಾವ ಸ್ಕೂಟರ್ ಹತ್ತಿದರೂ ಗೆರೆಯ ಮೇಲೇ ಇರಬಹುದು.

ಆದ್ದರಿಂದ 4 ಗಂಟೆಯ ರಾತ್ರಿಯನ್ನು ಹಂಚಿಕೊಳ್ಳುವುದು ಹೀಗೆ: ಊಟ ಮುಗಿಸಿ ಬಂದು, ಕೂತಿರುವಾಗಲೇ ರುಚಿಗೆಂದು ವಿಸ್ಕಿ ಸಾರ್‌ನಂಥ ಒಂದು ಒಳ್ಳೆಯ ಹುಳಿ ಕಾಕ್‌ಟೇಲ್. ಅಲ್ಲೇ ಒಂದೂವರೆ-ಎರಡು ಸ್ಮಾಲ್ ಖರ್ಚಾಯಿತು. ಕುಣಿಯಲು ಇಳಿದ ಮೇಲೆ 30ರ ಉದ್ದ ಗ್ಲಾಸು, ಪ್ರತಿ ಗ್ಲಾಸಿನ ನಡುವೆ ಒಂದು ದೊಡ್ಡ ಲೋಟ ನೀರು. ಮೂತ್ರ ತಡೆಯುವ ಹಾರ್ಮೋನನ್ನು ಆಲ್ಕೋಹಾಲ್ ಅದುಮುತ್ತದೆ, ಜೊತೆಗೆ ಬೆವರು ಬೇರೆ. ಹೀಗೆ ಎರಡು ಕಡೆಯಿಂದ ನೀರು ಹೋಗುತ್ತಿರುತ್ತದೆ. 12ರ ನಂತರ ಮದ್ಯವಿಲ್ಲದ್ದು. ಶಾಟ್ ಸುತ್ತು ಬಂದಾಗ ಗ್ಲಾಸು ಎತ್ತಿ ‘ಚಿಯರ್ಸ್’ ಹೇಳಿ ನಿಮ್ಮದನ್ನೇ ಒಂದು ಗುಟುಕು ಕುಡಿದರೆ ಯಾರೂ ಗಮನಿಸುವುದಿಲ್ಲ. ಗಾಡಿ ಓಡಿಸುವವರಿಗೆ, ಬಸುರಿಯರಿಗೆ ಈ ಲೆಕ್ಕವೇ ಇಲ್ಲ: ಶೂನ್ಯ.

ಎಡವಟ್ಟಾಗುವ ಜಾಗಗಳು

ಗ್ಲಾಸು ಮೇಜಿನ ಮೇಲೆ ಬಿಟ್ಟು ಕುಣಿಯಲು ಹೋದಿರೋ, ವಾಪಸ್ ಬಂದು ಅದನ್ನು ಮುಟ್ಟಬೇಡಿ. ಹೊಸದು ತರಿಸಿ. ಯಾರಾದರೂ ಏನಾದರೂ ಬೆರೆಸಿದ್ದರೆ ಬಣ್ಣ, ರುಚಿಯಿಂದ ಗೊತ್ತಾಗುತ್ತದೆಂಬ ಭರವಸೆ ಇಲ್ಲ. ಕುಡಿದದ್ದಕ್ಕೆ ಮೀರಿ ತಲೆ ತಿರುಗಿದರೆ, ಮಾತು ತೊದಲಿದರೆ ತಕ್ಷಣ ಜೊತೆಯವರಿಗೆ ಹೇಳಿ, ಅವರ ಜೊತೆಯಲ್ಲೇ ಇರಿ.

ನಿದ್ದೆ ಮಾತ್ರೆ, ಆತಂಕದ ಮಾತ್ರೆ, ನೆಗಡಿ-ಅಲರ್ಜಿಯ ಮಾತ್ರೆ ನುಂಗಿದ್ದರೆ ಮಂಪರು ಗುಣಿಸಿದಂತೆ ಏರುತ್ತದೆ. ಹೊಟ್ಟೆ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಮದ್ಯ ಬೇಡವೆಂದು ವೈದ್ಯರು ಹೇಳುತ್ತಾರೆ. ವಾಂತಿ, ಎದೆಬಡಿತ ಬರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟವಿಲ್ಲದೆ ಕುಡಿದು ಕುಣಿದರೆ ಸಕ್ಕರೆ ಪ್ರಮಾಣ ತೀರಾ ಕುಸಿಯುವ ಅಪಾಯವಿದೆ. ಅದು ನೋಡಲು ಥೇಟ್ ಮತ್ತೇರಿದಂತೆಯೇ ಕಾಣುವುದರಿಂದ ಜೊತೆಯವರಿಗೂ ಹೊಳೆಯುವುದಿಲ್ಲ.

ಯಾರಾದರೂ ಕರೆದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಮೈ ತಣ್ಣಗಾದರೆ ‘ಮಲಗಲಿ ಬಿಡು’ ಅನ್ನಬಾರದು. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿ ನೆಲದ ಕಡೆ ಇರುವಂತೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಒಬ್ಬರು ಪಕ್ಕದಲ್ಲೇ ಇರಬೇಕು.

ನೀಲಿಯಾಗಿ ಹೊಳೆಯುವ ಗ್ಲಾಸು

ಕೆಲವು ಕ್ಲಬ್‌ಗಳಲ್ಲಿ ನೇರಳೆ ಬಣ್ಣದ ಯುವಿ ದೀಪ ಹಾಕಿರುತ್ತಾರೆ. ಬಿಳಿ ಅಂಗಿಗಳೆಲ್ಲ ಫಳಫಳ ಎನ್ನುತ್ತವೆ. ಅದರ ಕೆಳಗೆ ಜಿನ್-ಟಾನಿಕ್ ಹಿಡಿದರೆ ತಿಳಿನೀಲಿಯಾಗಿ ಬೆಳಗುತ್ತದೆ. ಬೆಳಗುವುದು ಜಿನ್ ಅಲ್ಲ, ಟಾನಿಕ್‌ನಲ್ಲಿರುವ ಕ್ವಿನೈನ್. ಸಿಂಕೋನಾ ಮರದ ತೊಗಟೆಯ ಈ ಕಹಿ ಮಲೇರಿಯಾಕ್ಕೆ ಮದ್ದಾಗಿತ್ತು. ಅದಕ್ಕೆಂದೇ ಬ್ರಿಟಿಷರು ನಮ್ಮ ಪಕ್ಕದ ನೀಲಗಿರಿಯಲ್ಲಿ ಸಿಂಕೋನಾ ತೋಟಗಳನ್ನು ಎಬ್ಬಿಸಿದರು. ಈಗಿನ ಟಾನಿಕ್‌ನಲ್ಲಿ ಕ್ವಿನೈನ್ ರುಚಿಗೆ ತಕ್ಕಷ್ಟು ಮಾತ್ರ, ಆದರೆ ಹೊಳೆಯಲು ಅಷ್ಟು ಸಾಕು. 12 ಗಂಟೆ ದಾಟಿದ ಮೇಲೆ ‘ಟಾನಿಕ್, ಐಸ್ ಫುಲ್, ಒಂದು ಹೋಳು ನಿಂಬೆ, ಜಿನ್ ಬೇಡ’ ಎಂದು ತರಿಸಿಕೊಂಡರೂ ಗ್ಲಾಸು ಅದೇ ನೀಲಿಯಲ್ಲಿ ಬೆಳಗುತ್ತದೆ.